ಕುಪ್ಪಸ ತೊಟ್ಟ ಮೈಕು

ಶಿಕಾರಿಪುರ ತಾಲ್ಲೂಕು ಪೂರ್ತಿ, ಸೊರಬ ತಾಲ್ಲೂಕು ಅರ್ಧ ಹುಡುಕಿದರೂ ಮೈಕನ್ನು 'ಉಂಡ್ಯಾ?' ಎಂದು ವಿಚಾರಿಸಿದವರು ಒಬ್ಬರೇ ಸಿಗುತ್ತಾರೆ. ಅದು ನಮ್ಮ ದೊಡ್ಡವ್ವ! ಉಳಿದರ್ಧ ಸೊರಬವನ್ನು ನಾನಿನ್ನೂ ನೋಡಿಲ್ಲ, ಅದಕ್ಕೇ ಅಷ್ಟಕ್ಕೇ ನಿಲ್ಲಿಸಿದೆ.

ಮೈಕಿನ ಮುಂದೆ ನಿಂತವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಹೇಳಿ? ದೊಡ್ಡ ಮನುಷ್ಯರಾದರೆ ಕೆಮ್ಮುತ್ತಾರೆ. ಮೇಷ್ಟ್ರಾದರೆ ಉಫ್ ಉಫ್ ಎಂದು ಊದುತ್ತಾರೆ. ನಾನಾದರೆ 'ಹಲೋ ಹಲೋ, ಒನ್ ಟೂ ತ್ರೀ' ಅನ್ನುತ್ತೇನೆ. ಮೂರರ ಮುಂದೆ ಯಾರೂ ಯಾಕೆ ಎಣಿಸುವುದಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ! ದೊಡ್ಡವ್ವ ಇದ್ಯಾವುದನ್ನೂ ಮಾಡಲಿಲ್ಲ. ಹೊಸದಾಗಿ ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ ಅದನ್ನು ಮೇಲಿಂದ ಕೆಳಗೆ ನೋಡಿ, ಸೆರಗು ಸರಿಮಾಡಿಕೊಂಡು, "ಉಂಡ್ಯೇನಪ್ಪಾ?" ಎಂದಳು.

ಆಗ ನಮ್ಮ ಸೈಕಲ್ ಅಂಗಡಿಯ ಮಾಡಿನ ಮೇಲೆ ಕಟ್ಟಿದ್ದ ಹಾರ್ನು ಶಿಕಾರಿಪುರದ ಬಸ್ ಸ್ಟ್ಯಾಂಡಿನ ಕಡೆ ಬಾಯಿ ತೆರೆದುಕೊಂಡಿತ್ತು. ಬಸ್ಸಿನಲ್ಲಿ ಕೂತಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಹೂ ಮಾರುವವಳು, "ಆತು ಯವ್ವಾ, ರೊಟ್ಟಿ ತಿಂದೆ" ಎಂದು ಗಾಳಿಗೆ ಉತ್ತರ ಕೊಟ್ಟಳು. ಹಿರೇಕೆರೂರಿನ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕ ಮಾತ್ರ ನೇರವಾಗಿ ಅಂಗಡಿಗೆ ಬಂದು, "ಇನ್ನೂ ಇಲ್ಲ ನೋಡವ್ವಾ" ಎಂದು ಬೆಂಚಿನ ಮೇಲೆ ಕೂತೇಬಿಟ್ಟ. ದೊಡ್ಡವ್ವ ಅವನನ್ನು ಮನೆಗೆ ಕರೆದುಕೊಂಡು ಹೋಗಿ ಉಣ್ಣಿಸಿ ಕಳಿಸಿದಳು. ಮೈಕಿನಿಂದ ಲೋಕಕ್ಕೆ ಆದ ಉಪಕಾರಗಳಲ್ಲಿ ಇದು ಮೊದಲನೆಯದು ಅಂತ ನನ್ನ ಲೆಕ್ಕ.

ಆ ಮೈಕ್ ಸೆಟ್ಟಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ, ಕ್ಷಮಿಸಬೇಕು. ಕನ್ನಡದವರೆಲ್ಲ ಒಂದೇ ರಾಜ್ಯಕ್ಕೆ ಬಂದ ಮರುವರ್ಷ, ಮುಚ್ಚಿಹೋದ ಒಂದು ನಾಟಕ ಕಂಪನಿಯವರಿಂದ ಅಪ್ಪ ಅದನ್ನು ತಂದಿದ್ದರು. ಅಪ್ಪ ಸೈಕಲ್ ಅಂಗಡಿಯ ಜೊತೆಗೆ ಮದುವೆ ಮನೆಗಳಿಗೆ ಗ್ಯಾಸ್ ಲೈಟ್ ಬಾಡಿಗೆ ಕೊಡುತ್ತಿದ್ದವರು. ಬೆಳಕು ಕೊಟ್ಟವರು ಸದ್ದನ್ನೂ ಕೊಡೋಣ ಅಂತ! ಒಂದು ಆಂಪ್ಲಿಫೈಯರ್ ಪೆಟ್ಟಿಗೆ, ಒಂದು ಕಾರಿನ ಬ್ಯಾಟರಿ, ಒಂದು ಹಾರ್ನು, ಸ್ಟ್ಯಾಂಡಿನ ಸಮೇತ ಒಂದು ಮೈಕು, ಚಾವಿ ಕೊಟ್ಟು ತಿರುಗಿಸುವ ಒಂದು ಗ್ರಾಮಫೋನು. ಜೋಡಿಸುವುದು ಹೇಗೆ ಅಂತ ಹೇಳುವವರು ಯಾರೂ ಇರಲಿಲ್ಲ. ನಾನೇ ಬಿಚ್ಚಿದೆ, ನಾನೇ ಶಾಕ್ ಹೊಡೆಸಿಕೊಂಡೆ, ನಾನೇ ಕಲಿತೆ. ಮೈಕಿನ ವೈರು ನೋಡಲು ಒಂದು, ಒಳಗೆ ಎರಡು: ನಡುವಿನ ಎಳೆ ದನಿಯನ್ನು ಒಯ್ಯುತ್ತದೆ, ಸುತ್ತಲಿನ ಜಾಲರಿ ಅದಕ್ಕೆ ಕಾವಲು. ಅದಲು ಬದಲಾದರೆ 'ಗುಂಯ್' ಎಂದು ಸಾವಿರ ಜೇನು ಎದ್ದ ಸದ್ದು. ಪೆಟ್ಟಿಗೆಯೊಳಗೆ ಬಲ್ಬಿನ ಹಾಗೆ ಉರಿಯುವ ವಾಲ್ವುಗಳು. ಬ್ಯಾಟರಿಯ ಕ್ಲಿಪ್ಪು ಹಾಕಿದ ತಕ್ಷಣ ಮಾತಾಡಿದರೆ ಏನೂ ಕೇಳಿಸುವುದಿಲ್ಲ. ಅವು ಕಾದು ಕೆಂಪಾಗಲು ಪೂರಾ ಒಂದು ನಿಮಿಷ ಬೇಕು. ಈ ಒಂದು ನಿಮಿಷವನ್ನು ಕಾಯಲಾರದೆ ಎಷ್ಟು ಜನ ದೊಡ್ಡ ಮನುಷ್ಯರು ನನ್ನನ್ನು ಬೈದಿದ್ದಾರೋ!

ಇರಲಿ. ದೊಡ್ಡವ್ವನ ವಿಷಯಕ್ಕೆ ಬರೋಣ.

ದೊಡ್ಡವ್ವ ನಮ್ಮ ಅವ್ವನ ಅಕ್ಕ. ಇಬ್ಬರೂ ಒಂದೇ ಓಣಿಗೆ ಸೊಸೆಯಾಗಿ ಬಂದವರು. ನಮ್ಮ ಕಡೆಯ ಮದುವೆಗಳಲ್ಲಿ ಎಷ್ಟೋ ವರ್ಷ ಸೋಬಾನೆ ಹಾಡಿದವರು ಇವರಿಬ್ಬರೇ. ಅರಿಶಿನ ಹಚ್ಚುವಾಗ ಒಂದು ಹಾಡು, ನೀರು ಹಾಕುವಾಗ ಒಂದು, ಹೆಣ್ಣು ಒಪ್ಪಿಸುವಾಗ ಒಂದು. ಅದೂ ಬರೆದಿಟ್ಟ ಹಾಡಲ್ಲ. ಮದುವಣಗಿತ್ತಿಯ ಮುಖ ನೋಡಿ ಆಗಲೇ ಕಟ್ಟುವುದು. ದೊಡ್ಡವ್ವ ಒಂದು ಸಾಲು ಎತ್ತುವಳು. ಅವ್ವ ಅದರ ಬಾಲ ಹಿಡಿದು ಮತ್ತೆ ಹೇಳುವಳು. ಇದಕ್ಕೆ ಸೊಲ್ಲು ಹಿಡಿಯುವುದು ಅನ್ನುತ್ತಾರೆ. ಸೊಲ್ಲು ಹಿಡಿಯದೆ ಮುಂದಿನ ಸಾಲು ಇಲ್ಲ. ಅಕ್ಕಿ ಕಾಳು ಹಿಡಿದು ನಿಂತವರು ನಿಂತೇ ಇರಬೇಕು.

ಒಮ್ಮೆ ಒಂದು ಮದುವೆಯಲ್ಲಿ ಸೊಲ್ಲು ಹಿಡಿಯುವ ಹೊತ್ತಿಗೆ ಸರಿಯಾಗಿ ಅವ್ವನ ಬಾಯಿ ತುಂಬ ಎಲೆ ಅಡಿಕೆ! ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ದೊಡ್ಡವ್ವ ತಣ್ಣಗೆ ಕೂತಳು. ಮದುವೆ ಮಾಡಿಸುತ್ತಿದ್ದ ಅಯ್ಯನವರು ಚಡಪಡಿಸಿದರು.

"ಮುಹೂರ್ತ ಮೀರ್ತತ್ರೀ ಯವ್ವಾ!"

"ಮೀರ್ಲಿ ಬಿಡ್ರಿ ಅಯ್ನೋರೆ. ಅಕಿ ಬಾಯಿ ಖಾಲಿ ಆಗ್ಲಿ."

"ಬಾಯಿ ಖಾಲಿ ಆಗೋತನಕ ಮದುವಿ ನಿಲ್ಲಿಸ್ಬೇಕೇನ್ರೀ?"

"ಹಂಗಾರ ನೀವ ಹಿಡೀರಿ ಸೊಲ್ಲು!"

ಅಯ್ಯನವರು ತೆಪ್ಪಗಾದರು. ಆ ದಂಪತಿಗಳಿಗೆ ಈಗ ನಾಲ್ಕು ಮಕ್ಕಳು, ಮುಹೂರ್ತ ಮೀರಿದ್ದಕ್ಕೆ ಏನೂ ಕೆಟ್ಟಿಲ್ಲ.

ಇನ್ನೊಂದು ಪದ್ಧತಿ ಇತ್ತು. ಹಾಡು ಎತ್ತುವ ಮುಂಚೆ ದೊಡ್ಡವ್ವ ತಂಗಿಯ ಕಡೆ ತಿರುಗಿ, "ಉಂಡ್ಯೇನೇ?" ಅನ್ನುವಳು. ಅವ್ವ, "ಉಂಡೆ, ಎತ್ತು" ಅನ್ನುವಳು. ಅವ್ವ ಉಂಡಿರಲಿ ಬಿಡಲಿ, ಉತ್ತರ ಅದೇ. ಈಗ ಯೋಚಿಸಿದರೆ, ನನ್ನ 'ಹಲೋ ಹಲೋ, ಒನ್ ಟೂ ತ್ರೀ' ಇದ್ದಂತೆ ಅವರದ್ದು ಅದು.

ಅವ್ವ ಮೂರೇ ದಿನದ ಜ್ವರದಲ್ಲಿ ಹೋದಳು. ಮೈಕ್ ಸೆಟ್ಟು ಬರುವುದಕ್ಕೆ ಒಂದು ವರ್ಷ ಮುಂಚೆ.

ಅದಾದ ಮೇಲೂ ದೊಡ್ಡವ್ವ ಮದುವೆಗಳಿಗೆ ಹೋಗುತ್ತಿದ್ದಳು, ಹಾಡುತ್ತಿದ್ದಳು. ಆದರೆ ಹಾಡುವ ರೀತಿ ನೋಡಿ ಜನ ಮುಸಿಮುಸಿ ನಗತೊಡಗಿದರು. ಒಂದು ಸಾಲು ಹಾಡುವಳು. ಆಮೇಲೆ ಸುಮ್ಮನೆ ಕೂರುವಳು. ಅವ್ವ ಇದ್ದಿದ್ದರೆ ಆ ಸೊಲ್ಲು ಹಿಡಿಯಲು ಎಷ್ಟು ಹೊತ್ತು ಬೇಕಾಗುತ್ತಿತ್ತೋ ಅಷ್ಟು ಹೊತ್ತು, ಒಂದು ಉಸಿರು ಹೆಚ್ಚಿಲ್ಲ, ಒಂದು ಉಸಿರು ಕಮ್ಮಿ ಇಲ್ಲ. ಆಮೇಲೆ ಮುಂದಿನ ಸಾಲು. ಮುದುಕಿಗೆ ಮರೆವು ಬಂತು ಅಂತ ಕೆಲವರು. ಯಾರಾದರೂ ಹರೆಯದ ಹೆಣ್ಣುಮಗಳು ಪಾಪ ಅಂತ ಸೊಲ್ಲು ಹಿಡಿಯಲು ಹೋದರೆ, "ನಿನ್ನ ಕರೆದಿದ್ನೇನು?" ಎಂದು ಗದರಿಸಿ ಮತ್ತೆ ಮೊದಲಿಂದ ಶುರು ಮಾಡುವಳು. ಹೀಗಾಗಿ ಅವಳ ಹಾಡಿಗೆ ಎರಡು ಪಟ್ಟು ಹೊತ್ತು ಹಿಡಿಯುತ್ತಿತ್ತು. ಅರ್ಧ ಹಾಡು, ಅರ್ಧ ಮೌನ.

ಆ ಮೌನದೊಳಗೆ ಕಾಲಿಟ್ಟವನು ನಾನು.

ನಮ್ಮ ಸೆಟ್ಟು ಬಂದ ಮೇಲೆ ಮೊದಲನೇ ಮದುವೆ, ಶಿಕಾರಿಪುರದಲ್ಲೇ. ನನ್ನ ಉತ್ಸಾಹ ಕೇಳಬೇಕೆ! ಬೆಳಗ್ಗಿನಿಂದ ಗ್ರಾಮಫೋನಿನ ಪ್ಲೇಟುಗಳನ್ನು ಒರೆಸಿ ಒರೆಸಿ ಕನ್ನಡಿ ಮಾಡಿದ್ದೆ. ದೊಡ್ಡವ್ವ ಒಂದು ಸಾಲು ಹಾಡಿ ಸುಮ್ಮನಾದಳು. ಮದುವೆಯ ಯಜಮಾನರು ನನ್ನ ಕಡೆ ಕೈಬೀಸಿ, "ಹಾಡು ನಿಂತಿತಲ್ಲೋ, ಪ್ಲೇಟ್ ಹಾಕು!" ಎಂದರು. ನಾನು ಮುಳ್ಳು ಇಳಿಸಿದೆ. ಚಾವಿ ಸರಿಯಾಗಿ ಕೊಟ್ಟಿರಲಿಲ್ಲ. ಪ್ಲೇಟಿನಲ್ಲಿದ್ದ ಹಾಡುಗಾರ್ತಿ ನಿದ್ದೆಯಲ್ಲಿರುವ ಎಮ್ಮೆಯ ಹಾಗೆ ರಾಗ ಎಳೆದಳು. ಚಪ್ಪರವೆಲ್ಲ ಗೊಳ್ ಎಂದಿತು. ನಾನೂ ನಕ್ಕೆ.

ದೊಡ್ಡವ್ವ ನಗಲಿಲ್ಲ, ಬೈಯಲೂ ಇಲ್ಲ. ಹಾರ್ನಿನ ಬಾಯನ್ನು ಸ್ವಲ್ಪ ಹೊತ್ತು ನೋಡಿದಳು. ಎಲೆ ಅಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಮನೆಗೆ ಹೋದಳು. ಆಮೇಲೆ ಯಾವ ಮದುವೆಯಲ್ಲೂ ಹಾಡಲಿಲ್ಲ.

ನಾನು ಪ್ಲೇಟ್ ಹಾಕಿದ್ದು ಅವ್ವನ ಪಾಳಿಯಲ್ಲಿ ಅಂತ ನನಗೆ ಗೊತ್ತಾಗಿದ್ದು ರಾತ್ರಿ ಊಟಕ್ಕೆ ಕೂತಾಗ.

ಮುಂದಿನ ವರ್ಷ ನನ್ನ ತಂಗಿಯ ಮದುವೆ ಗೊತ್ತಾಯಿತು. ಗಂಡಿನವರದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ. ಮದುವೆ ಅವರ ಊರಿನಲ್ಲೇ. ಮೈಕ್ ಸೆಟ್ಟು ನಮ್ಮದೇ ಇರುವುದರಿಂದ ತರಲೇಬೇಕು ಅಂತ ಬೀಗರು ಹೇಳಿ ಕಳಿಸಿದ್ದರು. ತಂಗಿ ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. "ಒಪ್ಸೋ ಹಾಡು ದೊಡ್ಡವ್ವನೇ ಹೇಳ್ಬೇಕು. ಅದಿಲ್ದೆ ನನ್ನ ಕೈ ಯಾರಿಗೂ ಕೊಡಬ್ಯಾಡ್ರಿ" ಎಂದಳು. ನಮ್ಮಲ್ಲಿ ಮದುವಣಗಿತ್ತಿಯ ತಾಯಿ ಮಗಳ ಕೈ ಹಿಡಿದುಕೊಂಡಿರುತ್ತಾಳೆ. ಹಾಡು ಮುಗಿದ ಮೇಲೆ ಆ ಕೈಯನ್ನು ಅತ್ತೆಯ ಕೈಗೆ ಇಡುತ್ತಾಳೆ. ಅವ್ವ ಇಲ್ಲದ ಮೇಲೆ ಕೈ ಹಿಡಿಯುವವಳೂ ದೊಡ್ಡವ್ವ, ಹಾಡುವವಳೂ ದೊಡ್ಡವ್ವ.

ನಾನು ಹೋಗಿ ಕೇಳಿದೆ. ಕೇರುವ ಮೊರದಿಂದ ತಲೆ ಎತ್ತದೆ ಅವಳು ಹೇಳಿದಳು: "ನನ್ನ ದನಿ ಅರ್ಧ ನಿಮ್ಮವ್ವನ ಜೋಡಿ ಹೋತು. ಉಳಿದ ಅರ್ಧ ಮಗ್ಗಲಿನವರಿಗೂ ಕೇಳಂಗಿಲ್ಲ."

"ಅದಕ್ಕೇ ಮೈಕ್ ಐತಲ್ಲ ದೊಡ್ಡವ್ವ! ಅರ್ಧ ಕೊಟ್ರೆ ಹತ್ತು ಪಟ್ಟು ಮಾಡ್ತತಿ."

"ಸೊಲ್ಲು ಹಿಡೀತತೇನು?"

ಪೆಟ್ಟಿಗೆಯಲ್ಲಿ ಅಂಥ ಗುಂಡಿ ಇಲ್ಲ.

ಅವಳು ಎರಡು ಮೊರ ಕೇರಿ ಮುಗಿಸಿದಳು. ಆಮೇಲೆ, "ಅದು ಗಂಡಸೋ ಹೆಂಗಸೋ?" ಎಂದಳು.

"ಯಾವುದು?"

"ಅದೇ, ನಿನ್ನ ಮೈಕು. ಸೋಬಾನಿ ಹಾಡೋವಾಗ ಹೆಂಗಸರ ನಡುವೆ ಗಂಡಸು ಕುಂದ್ರಂಗಿಲ್ಲ."

"ಹೆಂಗಸು ದೊಡ್ಡವ್ವಾ!" ಎಂದೆ ನಾನು, ದೇವರ ಮೇಲೆ ಆಣೆ ಇಟ್ಟವನ ಹಾಗೆ.

"ಅವತ್ತು ನಾ ಅಪ್ಪಾ ಅಂದಾಗ ಯಾಕ ಹೇಳ್ಲಿಲ್ಲ? ಮತ್ತ ಹಿಂಗ ಬರೇ ಮೈಲಿ ನಿಲ್ಲಿಸೀಯಲ್ಲೋ, ನಾಚಿಕಿ ಇಲ್ಲದವನೆ!"

ಒಳಗೆ ಹೋಗಿ ಪೆಟಾರಿಯಿಂದ ಒಂದು ಹಸಿರು ಕುಪ್ಪಸದ ಬಟ್ಟೆ ತಂದು ನನ್ನ ಕೈಗೆ ಕೊಟ್ಟಳು. ಅದನ್ನು ಸುತ್ತಿ ಹೊಲಿದು ಮೈಕಿಗೆ ತೊಡಿಸಿದೆ. ಅಂಗಡಿಗೆ ಬಂದವರೆಲ್ಲ ನಕ್ಕರು. ಆದರೆ ಕೇಳಿ, ನನ್ನಂಥ ತಾನೇ ಕಲಿತವನಿಗೆ ಮಾತ್ರ ಸಿಗುವ ಗುಟ್ಟು: ಕುಪ್ಪಸ ತೊಡಿಸಿದ ಮೇಲೆ ಉಸಿರು ಬಡಿದು 'ಬಫ್ ಬಫ್' ಅನ್ನುವುದು ಪೂರಾ ನಿಂತುಹೋಯಿತು! ಈಗ ಯಾರೇ ಭಾಷಣಕಾರರು ಬಂದರೂ ನನ್ನ ಮೈಕು ಕುಪ್ಪಸ ತೊಟ್ಟೇ ನಿಲ್ಲುತ್ತದೆ.

ಸೊರಬದ ಬಸ್ಸಿನಲ್ಲಿ ಪೆಟ್ಟಿಗೆ ಮೇಲೆ ಹೋಯಿತು, ಬ್ಯಾಟರಿ ನನ್ನ ಕಾಲ ನಡುವೆ, ಹಾರ್ನು ದೊಡ್ಡವ್ವನ ತೊಡೆಯ ಮೇಲೆ.

"ಇದಕ್ಕೂ ಟಿಕೆಟ್ ಆಗ್ತತಿ" ಎಂದ ಕಂಡಕ್ಟರು.

"ಕೂಸಿಗೆ ಯಾರಾದ್ರೂ ಟಿಕೆಟ್ ಕೇಳ್ತಾರೇನಪ್ಪಾ?"

"ಕೂಸಿನ ಬಾಯಿ ನೋಡ್ರಿ ಯವ್ವಾ! ಇಡೀ ಬಸ್ಸು ನುಂಗಂಗೈತಿ."

"ಹಸಿದೈತಿ, ಪಾಪ" ಎಂದು ದೊಡ್ಡವ್ವ ಹಾರ್ನಿಗೆ ಸೆರಗು ಮುಚ್ಚಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರು ಟಿಕೆಟ್ ಹರಿಯಲಿಲ್ಲ. ಅವ್ವ ಹೋದ ಮೇಲೆ ದೊಡ್ಡವ್ವ ಜನರನ್ನು ನಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕುಪ್ಪಗಡ್ಡೆಯಲ್ಲಿ ಬೀಗರ ಮನೆ ಕೆರೆಯ ದಂಡೆಗೇ ಇತ್ತು. ಕೆರೆಯ ಆಚೆ ಹೊಸದಾಗಿ ಕಟ್ಟಿದ ಅಕ್ಕಿ ಗಿರಣಿಯ ಎತ್ತರದ ಗೋಡೆ, ಸುಣ್ಣ ಬಳಿದದ್ದು. ಮದುವೆಯ ದಿನ ಹೊತ್ತೇರುವ ಮುಂಚೆಯೇ ನಾನು ಮಾವಿನ ಮರಕ್ಕೆ ಹಾರ್ನು ಕಟ್ಟಿದೆ. ವೈರು ಎಳೆದೆ. ನಡುವಿನ ಎಳೆ ನಡುವಿಗೆ, ಜಾಲರಿ ಹೊರಗೆ. ಕ್ಲಿಪ್ಪು ಹಾಕಿದೆ. ಒಂದು ನಿಮಿಷ ಕಾದೆ. 'ಹಲೋ' ಅನ್ನುವಷ್ಟರಲ್ಲಿ 'ಕುಂಯ್ಯೋ' ಎಂದು ಕಿರುಚಿತು ನೋಡಿ, ಚಪ್ಪರದ ಪಕ್ಕ ಕಟ್ಟಿದ್ದ ಎತ್ತುಗಳು ಹಗ್ಗ ಕಿತ್ತವು!

ಕಾರಣ ನನಗೆ ಗೊತ್ತು. ಹಾರ್ನಿನ ಬಾಯಿ ಚಪ್ಪರದ ಕಡೆಗಿತ್ತು. ಮೈಕು ಆಡಿದ್ದನ್ನು ಹಾರ್ನು ಕೂಗುತ್ತದೆ, ಹಾರ್ನು ಕೂಗಿದ್ದನ್ನು ಮೈಕು ಕೇಳಿಸಿಕೊಂಡು ಮತ್ತೆ ಆಡುತ್ತದೆ, ಇಬ್ಬರಿಗೂ ಜಗಳ ಹತ್ತುತ್ತದೆ. ಬಿಡಿಸುವ ದಾರಿ ಒಂದೇ, ಹಾರ್ನಿನ ಮುಖ ತಿರುಗಿಸುವುದು. ಸರಿಯಾದವನಾಗಿದ್ದರೆ ಊರಿನ ಕಡೆಗೆ ತಿರುಗಿಸುತ್ತಿದ್ದ. ಆ ಕಡೆಯ ಕೊಂಬೆ ನನಗೆ ಎಟುಕಲಿಲ್ಲ. ಅವಸರದಲ್ಲಿ ಕೆರೆಯ ಕಡೆಗೆ ತಿರುಗಿಸಿ ಕಟ್ಟಿಬಿಟ್ಟೆ.

ಗಂಡಿನ ಚಿಕ್ಕಪ್ಪ ಓಡಿ ಬಂದರು. "ಎಂತದು ಮಾರಾಯ ಇದು! ಊರಿಗೆ ಬೆನ್ನು ಹಾಕಿ ನಿಲ್ಸಿದೀಯಲ್ಲ. ಕೊಕ್ಕರೆಗಳನ್ನೇನು ಮದುವೆಗೆ ಕರ್ದಿದೀಯಾ?"

"ಕೊಕ್ಕರೆಗಳೂ ಬರಲಿ ಬಿಡಿ" ಎಂದೆ. ಇನ್ನೇನು ಹೇಳಲಿ? ಮತ್ತೆ ಮರ ಹತ್ತಲು ಹೊತ್ತಿರಲಿಲ್ಲ.

ಧಾರೆಯಾಯಿತು. ಒಪ್ಪಿಸುವ ಹೊತ್ತು ಬಂತು. ಹೆಂಗಸರೆಲ್ಲ ಸುತ್ತ ಕೂತರು. ನಡುವೆ ದೊಡ್ಡವ್ವ, ಅವಳ ಎಡಗೈಯಲ್ಲಿ ತಂಗಿಯ ಕೈ, ಎದುರಿಗೆ ಬೀಗತಿ. ದೊಡ್ಡವ್ವ ಮೈಕಿನ ಕುಪ್ಪಸವನ್ನು ಸರಿಮಾಡಿದಳು. 'ಉಂಡ್ಯೇನೇ' ಅಂತ ಕೇಳುತ್ತಾಳೇನೋ ಎಂದು ಕಾದೆ. ಕೇಳಲಿಲ್ಲ. ಕೇಳಿದರೆ ಉತ್ತರ ಕೊಡುವವರು ಯಾರು?

ಹಾಡು ಎತ್ತಿದಳು.

"ಉಪ್ಪು ಜಾಸ್ತಿ ಹಾಕತಾಳೆ, ಬೈಯಬ್ಯಾಡಿರಿ ಬೀಗರೆ."

ದನಿ ನೂಲಿನಷ್ಟು ಸಣ್ಣಗಿತ್ತು. ಹೆಂಗಸರು ಕಿಸಕ್ಕೆಂದರು. ಆಮೇಲೆ ಅವಳು ಸುಮ್ಮನಾದಳು. ಚಪ್ಪರವೂ ಸುಮ್ಮನಾಯಿತು. ಗಂಡಿನ ಚಿಕ್ಕಪ್ಪ ಗ್ರಾಮಫೋನಿನ ಕಡೆ ಕಣ್ಣು ಮಾಡಿ, ಹಾಕು ಹಾಕು ಎಂದು ಕೈಸನ್ನೆ ಮಾಡಿದರು. ನಾನು ಪ್ಲೇಟಿನ ಮೇಲೆ ಅಂಗೈ ಊರಿ ಕೂತೆ. ಈ ಸಲ ಪ್ರಾಣ ಹೋದರೂ ಮುಳ್ಳು ಇಳಿಸುವುದಿಲ್ಲ.

ಆಗ ಬಂತು. ಕೆರೆಯ ಆಚೆಯಿಂದ, ನೀರಿನ ಮೇಲಿಂದ, ಒಂದು ಉಸಿರು ತಡವಾಗಿ, ಒಂದು ಮೆಟ್ಟಿಲು ತಗ್ಗಿದ ದನಿಯಲ್ಲಿ:

"...ಬೀಗರೆ."

ತಂಗಿ ಸಟಕ್ಕನೆ ತಲೆ ಎತ್ತಿದಳು. ಅವ್ವನೂ ಹೀಗೇ, ಯಾವಾಗಲೂ ಒಂದು ಉಸಿರು ತಡ, ಒಂದು ಮೆಟ್ಟಿಲು ಕೆಳಗೆ. ದೊಡ್ಡವ್ವ ಕೆರೆಯ ಕಡೆ ತಿರುಗಿ ನೋಡಲಿಲ್ಲ. ತಂಗಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು ಅಷ್ಟೆ. ಮುಂದಿನ ಸಾಲು ಎತ್ತಿದಾಗ ದನಿ ನೂಲಾಗಿರಲಿಲ್ಲ.

"ತಡವಾಗಿ ಏಳತಾಳೆ, ಎಬ್ಬಿಸಿರಿ ಮೆಲ್ಲಕೆ."

"...ಮೆಲ್ಲಕೆ."

ಈಗ ಯಾರೂ ನಗಲಿಲ್ಲ. ಸಾಲಿನ ಮೇಲೆ ಸಾಲು ಬಂತು. ತಂಗಿಯ ಸಿಟ್ಟು, ತಂಗಿಯ ಹೊಟ್ಟೆನೋವು, ಕತ್ತಲೆಂದರೆ ಅವಳಿಗಿರುವ ಹೆದರಿಕೆ, ಎಲ್ಲವನ್ನೂ ದೊಡ್ಡವ್ವ ಒಂದೊಂದಾಗಿ ಬೀಗರಿಗೆ ಒಪ್ಪಿಸಿದಳು. ಒಂದು ಸೊಲ್ಲೂ ತಪ್ಪದೆ ಕೆರೆಯಾಚೆಯಿಂದ ವಾಪಸು ಬಂತು. ಕಡೆಯದಾಗಿ:

"ಅವ್ವಾ ಅಂತ ಕರೆದರೆ, ಬೀಗತಿ, ಓ ಅನ್ನಿರಿ."

"...ಓ ಅನ್ನಿರಿ."

ಬೀಗತಿ ಸೆರಗು ಬಾಯಿಗಿಟ್ಟುಕೊಂಡು, ಯಾರೂ ಕರೆಯದೆಯೇ, "ಓ" ಎಂದರು. ದೊಡ್ಡವ್ವ ತಂಗಿಯ ಕೈಯನ್ನು ಅವರ ಕೈಯಲ್ಲಿಟ್ಟು ಬಿಟ್ಟಳು.

ಗಂಡಿನ ಚಿಕ್ಕಪ್ಪ ಮೂಗು ಒರೆಸಿಕೊಳ್ಳುತ್ತ ಬಂದು, "ಕೊಕ್ಕರೆ ಕಡೆಗೇ ಇರ್ಲಿ ಮಾರಾಯ, ತಿರುಗಿಸ್ಬೇಡ" ಎಂದರು.

ಮಧ್ಯಾಹ್ನದ ಊಟದ ಪಂಕ್ತಿಗಳು ಎದ್ದಿದ್ದವು. ಚಪ್ಪರ ಖಾಲಿಯಾಗಿತ್ತು. ನಾನು ಬ್ಯಾಟರಿಯ ಕ್ಲಿಪ್ಪು ತೆಗೆದು ವೈರು ಸುತ್ತಲು ಕೂತಿದ್ದೆ. ದೊಡ್ಡವ್ವ ಬಂದು ಮೈಕಿನ ಹತ್ತಿರ ಚಾಪೆಯ ಮೇಲೆ ಕೂತಳು. ಸುಳ್ಳು ಹೇಳಿ ದಕ್ಕಿಸಿಕೊಂಡ ಹಾಗೆ ನನಗೆ ಒಳಗೊಳಗೇ ಕುಟುಕುತ್ತಿತ್ತು.

"ದೊಡ್ಡವ್ವಾ, ಅದು... ಗಿರಣಿ ಗೋಡೆ. ನಾ ಹಾರ್ನ್ ತಪ್ಪಿ ಆ ಕಡೆ ಕಟ್ಟಿದ್ದೆ. ನಿನ್ನ ದನಿನೇ ಹೋಗಿ ಗೋಡಿಗೆ ಬಡಿದು..."

"ಗೋಡಿ ಅಂತ ನಂಗೆ ಗೊತ್ತಿಲ್ಲೇನೋ?" ಎಂದಳು. "ನಿಮ್ಮವ್ವ ಬದುಕಿದ್ದಾಗೇನು ಬ್ಯಾರೆ ಇದ್ಲೇನು? ಅಕಿನೂ ಗೋಡಿನೇ. ನಾ ಏನಂದ್ರೂ ಅದನ್ನ ತಿರುಗಿ ಅಂತಿದ್ಲು. ಒಂದಿನ ಇಲ್ಲ ಅಂದವಳಲ್ಲ."

ನಕ್ಕಳು. ನಗುತ್ತ ನಗುತ್ತ ಮೈಕಿನ ಕುಪ್ಪಸದ ಮೇಲೆ ಕೈಯಾಡಿಸಿದಳು. ಆಮೇಲೆ ಅದರ ಹತ್ತಿರ ಬಾಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದಳು:

"ಉಂಡ್ಯೇನೇ?"

ಕೇಳಿ, ಕೆರೆಯ ಕಡೆ ನೋಡುತ್ತ ಕೂತಳು.

ಕ್ಲಿಪ್ಪು ನನ್ನ ಕೈಯಲ್ಲೇ ಇತ್ತು. ಮೈಕಿಗೆ ಜೀವ ಇರಲಿಲ್ಲ. ಗಡಿಬಿಡಿಯಲ್ಲಿ ಮತ್ತೆ ಬ್ಯಾಟರಿಗೆ ಹಾಕಿದೆ.

"ದೊಡ್ಡವ್ವಾ, ಆಫ್ ಆಗಿತ್ತು. ಒಂದ್ ನಿಮಿಷ ತಡಿ, ವಾಲ್ವ್ ಕಾಯ್ಲಿ. ಇನ್ನೊಂದ್ ಸಲ ಕೇಳು."

"ಯಾಕ ಇನ್ನೊಂದ್ ಸಲ? ಅಕಿ ಕೇಳಿಸ್ಕೊಂಡಾಳ" ಎಂದಳು ದೊಡ್ಡವ್ವ. "ಸುಮ್ನೆ ಕುಂದ್ರು. ಅಕಿ ಯಾವಾಗ್ಲೂ ಸ್ವಲ್ಪ ತಡ."

ನಾನು ವೈರು ಕೆಳಗಿಟ್ಟೆ. ಪ್ಲೇಟಿನ ಪೆಟ್ಟಿಗೆ ಮುಚ್ಚಿದೆ. ಚಾಪೆಯ ತುದಿಯಲ್ಲಿ ಅವಳ ಪಕ್ಕ ಕೂತೆ. ಸೊರಬದ ಬಸ್ಸಿಗೆ ಗಾಡಿ ಕಟ್ಟಿ ಹೊರಗೆ ಕರೆಯುತ್ತಿದ್ದರು. ವಾಲ್ವುಗಳು ಮೆಲ್ಲಗೆ ಕೆಂಪಾಗುತ್ತಿದ್ದವು. ಇಬ್ಬರೂ ಕಾಯುತ್ತ ಕೂತೆವು.